ದಿನಾ ಮಾಡೋಷ್ಟೇ

ಹಾಸನದಿಂದ ಹೊರಟ ಬಸ್ಸು ಕಟ್ಟಾಯದ ಕಡೆ ಹೊರಳಿದ ಮೇಲೂ ಪ್ರೇಕ್ಷಾಳ ಹೊಟ್ಟೆಯಲ್ಲಿ ನಿನ್ನೆ ಮಧ್ಯಾಹ್ನದ ಮುದ್ದೆ ಕೂತೇ ಇತ್ತು. ಕೂತಿರಲಾರದು, ಅದು ಎಂದೋ ಕರಗಿ ರಕ್ತಕ್ಕೆ ಸೇರಿರಬೇಕು ಎನ್ನುವುದು ಪೋಷಣಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ತೊಡೆಯ ಮೇಲೆ ಹಿಡಿದುಕೊಂಡಿದ್ದ ತಕ್ಕಡಿಯ ಡಬ್ಬಕ್ಕಿಂತ ಹೊಟ್ಟೆಯೇ ಭಾರವೆನಿಸುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಆ ಡಬ್ಬವನ್ನು ಒಮ್ಮೆ, ಇವಳ ಮುಖವನ್ನು ಒಮ್ಮೆ ನೋಡಿ, "ಮಿಕ್ಸಿನಾ?" ಎಂದು ಕೇಳಿದಾಗ ಪ್ರೇಕ್ಷಾ ಹೌದೆಂದುಬಿಟ್ಟಳು. ದೊಡ್ಡವರು ದಿನಕ್ಕೆ ಏನೇನು ಎಷ್ಟೆಷ್ಟು ತಿನ್ನುತ್ತಾರೆ ಎಂದು ಮನೆಮನೆಗೆ ಹೋಗಿ ತೂಗುವ ಕೆಲಸ ಎಂದು ವಿವರಿಸಹೊರಟರೆ ಎದುರಿನವರ ಮುಖದಲ್ಲಿ ಮೊದಲು ಅನುಮಾನ, ಆಮೇಲೆ ಕನಿಕರ ಮೂಡುವುದನ್ನು ಅವಳು ಸಾಕಷ್ಟು ನೋಡಿದ್ದಳು. ಸುಳ್ಳು ಹೇಳಿದ್ದಕ್ಕೆ ನಾಲಗೆಯೇನೂ ತೊದಲಲಿಲ್ಲ. ಈಚೆಗೆ ಅದು ಪಳಗಿತ್ತು.

ತರಬೇತಿಯ ದಿನ ಸಮೀಕ್ಷೆಯ ಮುಖ್ಯಸ್ಥ ಡಾಕ್ಟರ್ ಮನೋಹರ ಅವರು ಮೇಜಿನ ಮೇಲೆ ರಬ್ಬರಿನ ಮುದ್ದೆಗಳನ್ನು ಸಾಲಾಗಿ ಇಟ್ಟಿದ್ದರು, ಚಿಕ್ಕದು, ನಡುವಿನದು, ದೊಡ್ಡದು. ಬಣ್ಣ ಎಷ್ಟು ಸರಿಯಾಗಿತ್ತೆಂದರೆ ಹಿಂದಿನ ಸಾಲಿನ ಒಬ್ಬಳು ಒಂದನ್ನು ಒತ್ತಿ ನೋಡಿ, "ಸಾರ್, ಸಾರು?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದಳು. ಮನೋಹರ ಸರ್ ನಕ್ಕಿರಲಿಲ್ಲ. "ಜನ ತಿಂದದ್ದನ್ನು ಹೇಳೋದಿಲ್ಲ, ತಿನ್ನಬೇಕಾಗಿತ್ತು ಅನ್ನಿಸಿದ್ದನ್ನು ಹೇಳ್ತಾರೆ. ಮೈ ಇರೋರು ಕಮ್ಮಿ ಹೇಳ್ತಾರೆ, ಇಲ್ಲದೋರು ಜಾಸ್ತಿ ಹೇಳ್ತಾರೆ. ಅದಕ್ಕೇ ನಾವು ಕೇಳಲ್ಲ, ತೂಗ್ತೀವಿ. ಮೂರು ದಿನ ಅವರ ಮನೇಲಿ ಇರಿ, ಆದರೆ ಇಲ್ಲ ಅನ್ನೋ ಹಾಗಿರಿ. ದಿನಾ ಮಾಡೋಷ್ಟೇ ಮಾಡಿ, ಹೆಚ್ಚೂ ಬೇಡ ಕಮ್ಮೀನೂ ಬೇಡ ಅಂತ ಮೊದಲೇ ಹೇಳಿ. ಅವರ ಮನೆಯ ಒಂದು ಲೋಟ ಕಾಫಿಯೂ ನಿಮ್ಮ ಬಾಯಿಗೆ ಹೋಗಕೂಡದು." ಪ್ರೇಕ್ಷಾ ಇದನ್ನೆಲ್ಲ ಬರೆದುಕೊಂಡು ಕೆಳಗೆ ಗೆರೆ ಎಳೆದಿದ್ದಳು. ಗೆರೆ ಎಳೆದ ಮಾತನ್ನೇ ಮುರಿದದ್ದರಲ್ಲಿ ಅವಳಿಗೆ ಮೊನ್ನೆಯಿಂದ ಒಂದು ಗುಟ್ಟಿನ ಖುಷಿಯೂ ಇತ್ತು, ಅದನ್ನು ಯಾರಿಗೆ ಹೇಳಿಕೊಳ್ಳುವುದೆಂದು ತಿಳಿಯದ ಚಡಪಡಿಕೆಯೂ ಇತ್ತು.

ಮೊದಲ ದಿನ ಅವಳು ಖಂಡಿತವಾಗಿ ಬೇಡವೆಂದೇ ಹೇಳಿದ್ದಳು. ಗಂಡಸರ ತಟ್ಟೆ ತೂಗಿ, ಬರೆದು, ಅವರು ಉಂಡೆದ್ದ ಮೇಲೆ ಮನೆಯೊಡತಿ ಕಾಮಾಕ್ಷಮ್ಮ ಇನ್ನೊಂದು ತಟ್ಟೆ ತಂದು ಇವಳ ಮುಂದಿಟ್ಟಳು. ನಿಯಮ ಎಂದಳು ಪ್ರೇಕ್ಷಾ. ಕಾಮಾಕ್ಷಮ್ಮ ದನಿ ತಗ್ಗಿಸಿ, "ನೀವು ಲಿಂಗಾಯತ್ರಾ?" ಎಂದು ಕೇಳಿದಳು. ಹೌದೆಂದದ್ದೇ, "ಅಂಗಾದ್ರೆ ಬುಡಿ ಕಣವ್ವಾ, ನಾನೇ ಕೇಳ್ಬಾರ್ದಿತ್ತು" ಎಂದು ತಟ್ಟೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. ಆ ಎಳೆದುಕೊಂಡ ರೀತಿ. ಕೋಪವಿಲ್ಲ, ಬೇಸರವೂ ಇಲ್ಲ. ಬಾಗಿಲಿಗೆ ಬಂದ ಕರುವನ್ನು ಅದರ ತಾಯಿಯ ಕಡೆ ತಿರುಗಿಸುವಂಥ ಮೆತ್ತಗಿನ ಕೈ. ಪ್ರೇಕ್ಷಾ ಆ ತಟ್ಟೆಯನ್ನು ಹಿಡಿದು ತನ್ನ ಕಡೆಗೆ ಎಳೆದುಕೊಂಡಿದ್ದಳು, ಉಂಡಿದ್ದಳು. ನಿನ್ನೆಯೂ ಉಂಡಳು. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡಿದ್ದ ಅವಳ ಅಪ್ಪ ಚಂದ್ರಮೌಳಿ ಹಿರೀಸಾವೆ ಕಡೆಯ ತೋಟಗಳಿಗೆ ಹೋಗುವಾಗ ಚಿಕ್ಕವಳಿದ್ದ ಅವಳನ್ನೂ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗುತ್ತಿದ್ದ. ಎಲ್ಲ ಮನೆಗಳಲ್ಲೂ ಅವನದು ಒಂದೇ ಮಾತು, ಈಗ ತಾನೇ ಆಯ್ತು ಕಣಮ್ಮಾ. ಬೆಳಗಿನಿಂದ ಏನೂ ಆಗಿರುತ್ತಿರಲಿಲ್ಲ. ಒಂದು ಮನೆಯಲ್ಲಿ ಹೆಂಗಸೊಬ್ಬಳು ನೊರೆ ಇಳಿಯದ ಹಾಲಿನ ಲೋಟ ಹಿಡಿದು ಬಂದಾಗ, ಪ್ರೇಕ್ಷಾಳ ಕೈ ಆಗಲೇ ಮುಂದೆ ಹೋಗಿದ್ದಾಗ, "ಮಗೀಗೆ ಹಾಲು ಸೇರಲ್ಲ" ಎಂದಿದ್ದ. ಲೋಟ ಹಿಡಿದವಳು ಮಗುವಿನ ಕೈಯನ್ನು ನೋಡಿದಳು, ಅಪ್ಪನ ಮುಖವನ್ನು ನೋಡಿದಳು, ಒಳಗೆ ಹೋದಳು. ಕೊಬ್ಬರಿ ತೂಕವಾಯಿತು. ಬರುವಾಗ ಅಪ್ಪ ಹೋಟೆಲಿನಲ್ಲಿ ಹಾಲು ಕೊಡಿಸಿದ. ಅದು ಸೇರಲಿಲ್ಲ.

ಆದ್ದರಿಂದ ಕಾಮಾಕ್ಷಮ್ಮನ ತಟ್ಟೆಯ ಮುಂದೆ ಕೂತಾಗ ತಾನೊಂದು ದೊಡ್ಡ ಕೆಲಸ ಮಾಡುತ್ತಿದ್ದೇನೆ ಎಂದೇ ಅವಳಿಗೆ ಅನಿಸಿತ್ತು. ವಿಜ್ಞಾನಕ್ಕಿಂತ ಮನುಷ್ಯರು ದೊಡ್ಡವರು ಎಂಬ ಅರ್ಥದ ಒಂದು ವಾಕ್ಯವನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದಳು. ಆದರೆ ನಿನ್ನೆ ಕಾಮಾಕ್ಷಮ್ಮ ತನ್ನ ತಟ್ಟೆಯನ್ನು ತಕ್ಕಡಿಯ ಮೇಲೆ ಇಡುವಾಗ ಅವಳ ಬೆರಳುಗಳು ನಡುಗಿ, ಅಂಕಿ ನಿಲ್ಲದೆ ಮೇಲೆ ಕೆಳಗೆ ಆಡಿತ್ತು. ತಟ್ಟೆಯಲ್ಲಿ ಇದ್ದದ್ದು ಅರ್ಧ ಮುದ್ದೆ. ಇಷ್ಟೇನಾ ಎಂದರೆ, "ವಯಸ್ಸಾಯ್ತಲ್ಲವ್ವಾ, ಒಟ್ಟೇನೇ ಕೇಳಾಕಿಲ್ಲ" ಎಂದಳು. ನೋಡುವವರಿದ್ದಾರೆಂದು ಜನ ಸಂಕೋಚಪಡುತ್ತಾರೆ, ಅದು ಮೂರನೇ ದಿನಕ್ಕೆ ಹೋಗುತ್ತದೆ ಎಂದು ಮನೋಹರ ಸರ್ ಹೇಳಿದ್ದರು. ಸಂಕೋಚ ಎಂದೇ ಪ್ರೇಕ್ಷಾ ಬರೆದುಕೊಂಡಳು. ರಾತ್ರಿ ಹಾಸನದ ಪಿ.ಜಿ.ಯ ಮಂಚದಲ್ಲಿ ಮಲಗಿದಾಗ ಆ ಬೆರಳುಗಳು ಮಾತ್ರ ಕಣ್ಣ ಮುಂದೆ ಇನ್ನೂ ಆಡುತ್ತಿದ್ದವು.

ಬಸ್ಸಿಳಿದು ಮನೆ ತಲುಪಿದಾಗ ಅಂಗಳದಲ್ಲಿ ಕಾಮಾಕ್ಷಮ್ಮನ ಗಂಡ ತಿಮ್ಮಪ್ಪ ಆಲೂಗಡ್ಡೆಯ ಖಾಲಿ ಚೀಲಗಳನ್ನು ಕೊಡವಿ ಮಡಚುತ್ತಿದ್ದ. ಅವಳ ಕೈಯ ಡಬ್ಬ ಕಂಡದ್ದೇ, "ಬಂದ್ರಾ? ಬನ್ನಿ ಬನ್ನಿ" ಎಂದ. "ಮಂಡೀಲಿ ನನ್ ಆಲೂಗಡ್ಡೆ ತೂಗೋನು ಚೀಲಕ್ಕೆ ಇಷ್ಟು ಅಂತ ಒಡ್ಕತಾನೆ. ನೀವೂ ನನ್ ಇಟ್ಟಲ್ಲಿ ಏನಾದ್ರೂ ಒಡ್ಕತೀರೋ ಎಂಗೆ?" ಮುದ್ದೆಗೆ ಆ ಮನೆಯಲ್ಲಿ ಇಟ್ಟು ಎಂದೇ ಹೆಸರು. ಪ್ರೇಕ್ಷಾ ನಕ್ಕಳು. ಮಂಡಿಯವನ ಮಗಳೆಂದು ಅವಳು ಹೇಳಿಕೊಂಡಿರಲಿಲ್ಲ. ಜಗಲಿಯ ಮೇಲೆ ಪಕ್ಕದ ಮನೆಯ ಮುದ್ದಮ್ಮ ಕಾಲು ಚಾಚಿ ಕೂತು ಎಲೆಯಡಿಕೆ ಹಾಕುತ್ತಿದ್ದಳು. ಕೆಲಸವಿಲ್ಲದೆ ಕೂತವಳಲ್ಲ, ನೋಡಲೆಂದೇ ಬಂದು ಕೂತವಳು. "ಇವ್ರೇನಾ? ನಮ್ಮನೇಲಿ ಉಣ್ತಾರೆ ಅಂತ ಕಾಮಾಕ್ಷಿ ಊರ್ಗೆಲ್ಲ ಏಳ್ಕಂಡ್ ಬಂದವ್ಳೆ. ನಮ್ ಕಾಲ್ದಾಗೆ ಲಿಂಗಾಯತ್ರು ನಮ್ ಬಾವಿ ಅಗ್ಗನೂ ಮುಟ್ತಿರ್ಲಿಲ್ಲ ಕಣವ್ವಾ. ಇವತ್ತು ಕಣ್ಣಾರೆ ನೋಡೋನ ಅಂತ ಬಂದೆ." ಪ್ರೇಕ್ಷಾಳ ಗುಟ್ಟಿನ ಖುಷಿ ಊರಿನ ಸುದ್ದಿಯಾಗಿತ್ತು. ಅಷ್ಟು ಹೊತ್ತಿಗೆ ಬೈಕು ನಿಲ್ಲಿಸಿ ಬಂದ ಮಗ ಮೋಹನ್‌ಕುಮಾರ್ ಒಳಗೆ ಮೂಸಿ ನೋಡಿ, "ಅವ್ವೋ, ಭಾನುವಾರಾನೂ ಸೊಪ್ಪಿನ್ ಸಾರಾ?" ಎಂದ. ಒಳಗಿನಿಂದ ಕಾಮಾಕ್ಷಮ್ಮನ ಪಿಸುಮಾತು ಜಗಲಿಗೂ ಕೇಳಿಸಿತು: "ಆ ಮಗ ಇರಗಂಟ ಬಾಯ್ ಮುಚ್ಕಂಡಿರು. ಅವ್ರು ಕೋಳಿ ಮೂಸಾಕಿಲ್ಲ." ಮೂರು ದಿನ ಇಲ್ಲದ ಹಾಗಿರಬೇಕಾದವಳು ಈ ಮನೆಯ ಒಲೆಯ ಮೇಲೇ ಹತ್ತಿ ಕೂತಿದ್ದಾಳೆ. ಈ ಮನೆಯವರು ಭಾನುವಾರವೂ ಸೊಪ್ಪು ತಿನ್ನುತ್ತಾರೆ ಎಂದು ಸಂಶೋಧನೆ ಸಾರಬಹುದು. ಅದನ್ನು ನೆನೆದು ನಗು ಬರಬೇಕಿತ್ತು, ಬರಲಿಲ್ಲ.

ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಸೊಸೆ ಧನ್ಯಾ ಮಗುವಿನ ಬಟ್ಟೆ ಒಗೆಯುತ್ತಿದ್ದಳು. ಡಿಗ್ರಿ ಮಾಡಿದವಳು, ಎಳೆ ಬಾಣಂತಿತನದ ಬಿಳಿಚು ಮುಖದವಳು, ಮೂರು ದಿನದಲ್ಲಿ ಹೆಚ್ಚು ಮಾತಾಡಿರಲಿಲ್ಲ. ನೀರು ಹಾಕುತ್ತ, ಇವಳ ಕೈಯನ್ನೇ ನೋಡುತ್ತ, "ಅಕ್ಕಾ, ನೀವು ಇವತ್ತೂ ಉಣ್ತೀರಾ?" ಎಂದಳು.

"ಯಾಕೆ ಧನ್ಯಾ?"

"ಏನಿಲ್ಲ. ತಪ್ಪು ತಿಳ್ಕೋಬೇಡಿ." ಬಾಗಿಲ ಕಡೆ ನೋಡಿ ದನಿ ಇಳಿಸಿದಳು. "ದಿನಾ ಮಾಡೋಷ್ಟೇ ಮಾಡಿ ಅಂತ ನೀವು ಹೇಳಿದ್ರಲ್ಲ, ಅತ್ತೆ ಅದನ್ನ ಹಿಡ್ಕೊಂಡವ್ರೆ. ನಾಲ್ಕು ಜನಕ್ಕೆ ನಾಲ್ಕು ಮುದ್ದೆ, ಒಂದು ಹಿಡಿ ಹಿಟ್ಟು ಹೆಚ್ಚು ಹಾಕಲ್ಲ. ಹಾಕಿದ್ರೆ ಆ ಹುಡುಗಿ ಲೆಕ್ಕ ಕೆಟ್ಟು ಕೆಲಸಕ್ಕೆ ಕುತ್ತು ಬತ್ತದೆ ಅಂತಾರೆ. ನಿಮಗೆ ಹಾಕೋದು ಅವರ ಮುದ್ದೆ. ತಳ ಕೆರೆದು ಉಳಿದಿದ್ದು ಅವರಿಗೆ. ನಂದ್ರಲ್ಲಿ ಕೊಡ್ತೀನಿ ಅಂದ್ರೆ ಮಗೀಗೆ ಹಾಲು ಕೊಡೋಳು ಅಂತ ಬಯ್ತಾರೆ."

"ಅನ್ನ ಇದೆಯಲ್ಲ?"

"ಶುಗರ್ ಅಲ್ವಾ ಅಕ್ಕಾ. ಅನ್ನ ಮುಟ್ಟಬೇಡಿ ಅಂದವ್ರೆ ಡಾಕ್ಟ್ರು. ಮಾತ್ರೆ ಮಾತ್ರ ಊಟಕ್ಕೆ ಮುಂಚೆ ತಪ್ಪದೆ ನುಂಗ್ತಾರೆ. ನಿನ್ನೆ ನೀವು ಹೋದ್ಮೇಲೆ ತಲೆ ಸುತ್ತಿ ಕೂತ್ಬುಟ್ರು. ನಾನೇಳ್ದೆ ಅನ್ಬೇಡಿ."

ನೀರು ನಿಂತಿತು. ಪ್ರೇಕ್ಷಾ ಒದ್ದೆ ಕೈ ಮುಂದೆ ಚಾಚಿಕೊಂಡು ಹಾಗೇ ನಿಂತಿದ್ದಳು. ಮಾತ್ರೆ ರಕ್ತದ ಸಕ್ಕರೆಯನ್ನು ಇಳಿಸುತ್ತ ಹೋಗುತ್ತದೆ, ಹೊಟ್ಟೆಗೆ ಬೀಳುವುದು ಅದಕ್ಕೆ ಸಾಲದಿದ್ದರೆ ಬೆರಳು ನಡುಗುತ್ತದೆ, ಬೆವರುತ್ತದೆ, ಆಮೇಲೆ ಬಿದ್ದೂ ಬೀಳಬಹುದು. ಇದನ್ನು ಅವಳು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದಳು. ಕಣ್ಣೆದುರು ನಡುಗಿದಾಗ ಸಂಕೋಚವೆಂದು ಬರೆದಳು. ಒಬ್ಬ ಹೆಂಗಸು ಎಷ್ಟು ತಿನ್ನುತ್ತಾಳೆಂದು ನಿಖರವಾಗಿ ತಿಳಿಯಲು ಬಂದು, ಎದುರಿಗೆ ಕೂತು, ಅವಳದ್ದನ್ನು ತಾನು ತಿಂದು, ಉಳಿದದ್ದನ್ನು ನಿಖರವಾಗಿ ತೂಗಿದ್ದಳು. ತಿನ್ನುವಾಗ ಅಪ್ಪನನ್ನು ನೆನೆದು ಹೆಮ್ಮೆಪಟ್ಟಿದ್ದಳು ಬೇರೆ. "ಇವತ್ತು ಮಾತ್ರೆ?" ಎಂದಳು. "ಆಗ್ಲೇ ನುಂಗಿದ್ರು" ಎಂದಳು ಧನ್ಯಾ.

ಅಡುಗೆಮನೆಯಲ್ಲಿ ಕಾಮಾಕ್ಷಮ್ಮ ಪಾತ್ರೆಯನ್ನು ಕಾಲಿನಿಂದ ಒತ್ತಿ ಹಿಡಿದು ಕೋಲಿನಿಂದ ಹಿಟ್ಟು ತೊಳಸಿ, ಸುಡುವುದನ್ನೇ ಬರಿಗೈಯಲ್ಲಿ ಉಂಡೆ ಕಟ್ಟಿ ಆಗಿತ್ತು. ನಾಲ್ಕು. ಹಣೆಯ ಮೇಲಿನ ಬೆವರು ಒಲೆಯದೋ ಬೇರೆಯದೋ ಹೇಳುವಂತಿರಲಿಲ್ಲ. ಗಂಡಸರ ತಟ್ಟೆಗಳನ್ನು ಪ್ರೇಕ್ಷಾ ತೂಗಿದಳು. ಅಂಕಿ ಎರಡು ಸಲ ತಪ್ಪಿ ಬರೆದು ಒರೆಸಿದಳು. ತಿಮ್ಮಪ್ಪ ಸಾರು ಕಲೆಸಿಕೊಂಡು ತುತ್ತು ಮುರಿಯುವಾಗ, ಧನ್ಯಾಳಿಗೆ ಹಾಕಿ ಆದ ಮೇಲೆ, ಕೊನೆಯ ಇಡೀ ಮುದ್ದೆ ಸ್ಟೀಲಿನ ತಟ್ಟೆಯಲ್ಲಿ ಪ್ರೇಕ್ಷಾಳ ಮುಂದೆ ಬಂದು ಕೂತಿತು. ಮುದ್ದಮ್ಮ ಜಗಲಿಯಿಂದ ಹೊಸಿಲಿಗೆ ಸರಿದಿದ್ದಳು.

"ಇವತ್ತು ಬೇಡ ಕಾಮಾಕ್ಷಮ್ಮ. ಉಪವಾಸ" ಎಂದಳು ಪ್ರೇಕ್ಷಾ.

"ಭಾನುವಾರ ಎಂಥ ಉಪಾಸವ್ವಾ? ನಿಮ್ಮೋರು ಸ್ವಾಮಾರ ಅಲ್ವಾ ಮಾಡೋದು?"

"ಅಲ್ಲ, ಅಂದ್ರೆ, ಹಾಸನದಲ್ಲೇ ತಿಂದು ಬಂದೆ. ಈಗ ತಾನೇ ಆಯ್ತು."

ಹೇಳಿ ಮುಗಿಸಿದ ಮೇಲೆ ಆ ಮಾತು ಅವಳಿಗೆ ಕೇಳಿಸಿತು. ಅಪ್ಪನ ಅದೇ ಇಳಿದನಿ, ಕೊನೆಯಲ್ಲಿ ಅದೇ ಚಿಕ್ಕ ನಗೆ. ಕಾಮಾಕ್ಷಮ್ಮ ಅವಳನ್ನು ನೋಡಿದಳು, ಮುದ್ದಮ್ಮನನ್ನು ನೋಡಲಿಲ್ಲ, ನೋಡದೆ ಇರುವುದಕ್ಕೆ ಕತ್ತನ್ನು ಬಿಗಿ ಮಾಡಿಕೊಂಡಳು. ಮುದ್ದಮ್ಮ ಬಾಯೊಳಗಿನ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, "ಅದೇ ಅನ್ಕಂಡೆ ನಾನೂ" ಎಂದಳು. ತಿಮ್ಮಪ್ಪನ ತುತ್ತು ಸಾರಿನಲ್ಲೇ ನಿಂತಿತು. ಇಡೀ ಮನೆ ಆ ಒಂದು ತಟ್ಟೆಯ ಕಡೆ ವಾಲಿದ ಹಾಗಾಯಿತು. ಪ್ರೇಕ್ಷಾಳಿಗೆ ತಡೆಯಲಾಗಲಿಲ್ಲ. ನಿಜವನ್ನೇ ಹೇಳಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಓದಿದವರ ಮೂಢನಂಬಿಕೆ ಅವಳ ಕೈಬಿಟ್ಟಿರಲಿಲ್ಲ. "ಜಾತಿ ಗೀತಿ ಏನೂ ಅಲ್ಲ ಕಾಮಾಕ್ಷಮ್ಮ. ನಾನು ಉಂಡ್ರೆ ನಿಮಗೆ ಊಟ ಸಾಲಲ್ಲ. ನೀವು ಹಸಿದುಕೊಂಡು ನನಗೆ ಹಾಕ್ತಿದೀರಿ."

ಧನ್ಯಾ ತಲೆ ತಗ್ಗಿಸಿಕೊಂಡಳು. ತಿಮ್ಮಪ್ಪ, "ಏನಂದ್ರವ್ವಾ?" ಎಂದ, ಕೇಳಿಸದೆ ಅಲ್ಲ, ಕೇಳಿಸಿದ್ದರಿಂದ. ಕಾಮಾಕ್ಷಮ್ಮನ ಮುಖದ ಬಣ್ಣ ಹೋಗಿ ಬಂತು. "ನಮ್ಮನೇಲಿ ಇಟ್ಟಿಗೆ ಗತಿ ಇಲ್ಲ ಅಂದ್ರಾ?" ಎಂದಳು ಮೆಲ್ಲಗೆ. "ರಾಗಿ ವಾಡೆ ತುಂಬ ಅದೆ ಕಣವ್ವಾ. ಬನ್ನಿ, ತೋರುಸ್ತೀನಿ. ನೀವ್ ಏಳ್ದಂಗೆ ಮಾಡ್ದೆ. ದಿನಾ ಮಾಡೋಷ್ಟೇ ಮಾಡಿ ಅಂದ್ರಿ, ಮಾಡ್ದೆ. ಅದ್ಕೆ ಈ ಮಾತು ಕೇಳ್ಬೇಕಾ ನಾನು, ನನ್ ಮನೇಲಿ ಕೂತ್ಕಂಡು, ನನ್ ಒಸ್ಲು ಮೇಲೆ ಜನ ಮಡೀಕಂಡು?" ಎದ್ದಳು. ದೊಡ್ಡ ಪಾತ್ರೆಗೆ ನೀರು ಸುರಿದು ಒಲೆ ಉರಿ ಜೋರು ಮಾಡಿದಳು. "ಎಲ್ರೂ ಉಣ್ಣಿ. ಮುದ್ದಕ್ಕಾ, ನೀನೂ ಬಾ. ಗತಿ ಇಲ್ದೋರ್ ಮನೆ ಇಟ್ಟು ಎಂಗಿರ್ತದೆ ನೋಡುವಂತೆ."

"ಅವ್ವಾ, ಮೊದ್ಲು ನೀನು ಒಂದ್ ತುತ್ತು ಉಣ್ಣು" ಎಂದ ಮೋಹನ್‌ಕುಮಾರ್.

"ನೀನ್ ಸುಮ್ಕಿರ್ಲಾ."

ಹಿಟ್ಟಿಗೆ ಕೋಲು ಹಾಕಿದ ಅವಳ ತೋಳು ಮೊದಲ ಸುತ್ತಿನಲ್ಲೇ ಅದುರಿತು. ಕೋಲು ಪಾತ್ರೆಯ ಅಂಚಿಗೆ ಬಡಿದು ಟಣ್ಣೆಂದಿತು. ಧನ್ಯಾ ಓಡಿಹೋಗಿ ಹಿಡಿಯಲು ನೋಡಿದರೆ ಮೊಣಕೈಯಿಂದ ತಳ್ಳಿದಳು. ಬೆವರು ಕಿವಿಯ ಹಿಂದಿನಿಂದ ಇಳಿದು ಕುತ್ತಿಗೆಗೆ ಬರುತ್ತಿತ್ತು. ಇದು ಒಲೆಯ ಬೆವರಲ್ಲ. "ಸಕ್ಕರೆ ಕೊಡಿ, ಒಂದು ಚಮಚ ಸಕ್ಕರೆ ಕೊಡಿ ಅವರಿಗೆ" ಎಂದು ಪ್ರೇಕ್ಷಾ ಕೂಗಿದಳು. ಕಾಮಾಕ್ಷಮ್ಮ ಉಸಿರು ಎಳೆದುಕೊಳ್ಳುತ್ತಲೇ ನಕ್ಕಳು. "ಸಕ್ರೆ ಕಾಯ್ಲೆಯೋಳ್ಗೆ ಸಕ್ರೆ! ನೋಡ್ಲಾ ಮೋನಾ, ಓದ್ದೋರ್ ಬುದ್ಧಿಯ." ಯಾರೂ ಡಬ್ಬಕ್ಕೆ ಕೈ ಹಾಕಲಿಲ್ಲ. ಈ ಮನೆಯಲ್ಲಿ ಸಕ್ಕರೆ ಅವಳಿಗೆ ವಿಷವೆಂದು ವರ್ಷಗಳಿಂದ ನಂಬಿಸಿಯಾಗಿತ್ತು, ನಂಬಿಸಿದವರು ಪ್ರೇಕ್ಷಾಳಂಥವರೇ. ಇನ್ನು ವಿವರಿಸಲು ಹೊತ್ತಿಲ್ಲ. ವಿವರಿಸಿದರೆ ಕೇಳುವ ಹೆಂಗಸೂ ಇವಳಲ್ಲ. ಇವಳು ಉಣ್ಣುವುದಿಲ್ಲ. ಅತಿಥಿಯ ತಟ್ಟೆ ಹಾಗೇ ಇರುವಾಗ, ಹೊಸಿಲ ಮೇಲೆ ಮುದ್ದಮ್ಮ ಕೂತಿರುವಾಗ, ತಲೆ ಸುತ್ತಿ ಒಲೆಯ ಮೇಲೆ ಬಿದ್ದರೂ ಇವಳು ಉಣ್ಣುವುದಿಲ್ಲ.

ಪ್ರೇಕ್ಷಾ ತಟ್ಟೆಯ ಮುಂದೆ ಕೂತಳು. ಮುದ್ದೆ ಆರಿ ಗಟ್ಟಿಯಾಗಿತ್ತು. ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಿದಳು. ಇನ್ನೊಂದು ತುತ್ತು. ಎದೆಯಲ್ಲಿ ಅಡರಿಕೊಂಡಿತು, ನೀರು ಕುಡಿಯದೆ ಇನ್ನೊಂದನ್ನು ಅದರ ಮೇಲೆ ಇಳಿಸಿದಳು. ಇಷ್ಟು ಹೊತ್ತು ತನ್ನ ತಟ್ಟೆಯನ್ನು ಒಂದು ಪರಾಕ್ರಮದ ಹಾಗೆ ನೋಡಿದ್ದಳು, ಒಂದು ಅಪರಾಧದ ಹಾಗೆ ನೋಡಿದ್ದಳು. ಅದರಲ್ಲಿ ಇದ್ದದ್ದು ಮುದ್ದೆ, ಅದನ್ನು ಮುಗಿಸಬೇಕಿತ್ತು. ಮುಗಿಸಿದಳು. ಹಿಟ್ಟು ತೊಳಸಿ ಮುಗಿಸಿದ ಕಾಮಾಕ್ಷಮ್ಮ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು, ಇನ್ನೂ ತನ್ನ ತಟ್ಟೆ ತೆಗೆದಿರಲಿಲ್ಲ. ಸಾಲದು ಎಂದು ಪ್ರೇಕ್ಷಾಳಿಗೆ ಗೊತ್ತಾಯಿತು. ಹಾಕಿದ್ದನ್ನು ಉಂಡರೆ ದಾಕ್ಷಿಣ್ಯ, ಮುದ್ದಮ್ಮನಿಗೆ ಅಷ್ಟು ಸಾಕಾಗುವುದಿಲ್ಲ. ಹೊಟ್ಟೆ ಬೇಡ ಬೇಡ ಎನ್ನುತ್ತಿದ್ದ ಹಾಗೇ ತಟ್ಟೆಯನ್ನು ಮುಂದೆ ನೂಕಿ, ಹೊಸಿಲಿಗೆ ಕೇಳುವಷ್ಟು ಜೋರಾಗಿ, "ಇನ್ನೊಂದು ಹಾಕಿ ಕಾಮಾಕ್ಷಮ್ಮ. ಬಿಸಿಯದು. ಸಾರು ಹೀಗೆ ನಮ್ಮಮ್ಮನಿಗೆ ಬರಲ್ಲ" ಎಂದಳು.

ಒಲೆಯ ಬಳಿ ಏನೋ ಸಡಿಲವಾಯಿತು. ಕಾಮಾಕ್ಷಮ್ಮ ನಡುಗುವ ಕೈಯಲ್ಲೇ ದೊಡ್ಡದೊಂದು ಮುದ್ದೆ ಕಟ್ಟಿ ಅವಳ ತಟ್ಟೆಗೆ ಇಳಿಸಿದಳು. "ಕೇಳಿ ಆಕುಸ್ಕಂಡ್ರು ಕಣೇ" ಎಂದಳು ಮುದ್ದಮ್ಮ, ಮನಸ್ಸಿಲ್ಲದ ಮನಸ್ಸಿನಿಂದ. "ಒಟ್ಟೆ ತುಂಬ ಉಣ್ಣಿ ಮಗಾ" ಎಂದ ತಿಮ್ಮಪ್ಪ, ಅವನ ತುತ್ತೂ ಸಾರಿನಿಂದ ಎದ್ದಿತು. ಪ್ರೇಕ್ಷಾ ಬಿಸಿ ಬಿಸಿಯಾಗಿಯೇ ನುಂಗತೊಡಗಿದಳು. ನಾಲಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಅದು ಖಾರಕ್ಕೆ ಎಂದು ಧನ್ಯಾ ಯಾರೂ ಕೇಳದಿದ್ದರೂ ವಿವರಿಸಿದಳು. ಆಗ, ಪಾತ್ರೆಯಲ್ಲಿ ಉಳಿದ ಹಿಟ್ಟನ್ನು ಉಂಡೆ ಕಟ್ಟಿಕೊಂಡು, ಕಾಮಾಕ್ಷಮ್ಮ ಗೋಡೆ ಹಿಡಿದು ತಟ್ಟೆ ತೆಗೆದಳು.

ಪ್ರೇಕ್ಷಾಳ ಎಡಗೈ ರೂಢಿಯಿಂದ ತಕ್ಕಡಿಯ ಕಡೆ ಹೋಯಿತು.

"ಇದ ತೂಗ್ಬೇಡಿ ಕಣವ್ವಾ."

ಬೇಡಿಕೆಯಲ್ಲ, ಕೋಪವೂ ಅಲ್ಲ. ತಟ್ಟೆಯನ್ನು ಮಡಿಲಿಗೆ ಎಳೆದುಕೊಂಡು ಕಾಮಾಕ್ಷಮ್ಮ ಗೋಡೆಯ ಕಡೆ ತಿರುಗಿ ಕೂತಳು. ಬೆನ್ನಿನ ಮೇಲೆ ರವಿಕೆ ಒದ್ದೆಯಾಗಿ ಅಂಟಿತ್ತು. ಆ ಬೆನ್ನು ಸ್ವಲ್ಪ ಬಾಗಿತು. ಪ್ರೇಕ್ಷಾ ಕೈ ಹಿಂದಕ್ಕೆ ತೆಗೆದುಕೊಂಡು ತನ್ನ ತಟ್ಟೆಯ ಕಡೆ ನೋಡಿದಳು. ನೋಡಬಾರದೆಂದೇ ಅಲ್ಲಿ ನೋಡುತ್ತ ಕಿವಿಗೊಟ್ಟಳು. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದಕ್ಕೆ ಸದ್ದಿಲ್ಲ. ಬಳೆ ತಟ್ಟೆಗೆ ತಾಗಿದ್ದು ಒಮ್ಮೆ ಕೇಳಿಸಿತು. ಬಹಳ ಹೊತ್ತಾದ ಮೇಲೆ ಇನ್ನೊಮ್ಮೆ. ಉಣ್ಣುತ್ತಿದ್ದಾಳೋ, ಸುಮ್ಮನೆ ಕೈ ಆಡಿಸುತ್ತಿದ್ದಾಳೋ. ಕಾಮಾಕ್ಷಮ್ಮ ತಿರುಗದೆಯೇ ಕೇಳಿದಳು, "ನೀವ್ ಉಂಡದ್ದ ಯಾರ್ ಲೆಕ್ಕಕ್ಕೆ ಬರ್ಕತೀರವ್ವಾ?" ದನಿಯಲ್ಲಿ ನಡುಕ ಇತ್ತೋ, ನಗುವೋ ತಿಳಿಯಲಿಲ್ಲ. ಪ್ರೇಕ್ಷಾ ಬಾಯಿ ತುಂಬ ಇದ್ದದ್ದನ್ನು ನುಂಗಲು ಹೆಣಗುತ್ತಿದ್ದಳು. ಮನೆಯೊಡತಿ ಮುಗಿಸುವ ತನಕ ಪಂಕ್ತಿಯಿಂದ ಏಳುವ ಹಾಗಿಲ್ಲ. ಪ್ರೇಕ್ಷಾಳ ಬಲಗೈ ಒಣಗಿ ಬಿಗಿಯುತ್ತ ಬಂತು, ಹಿಟ್ಟು ಬೆರಳುಗಳ ನಡುವೆ ಬಿರಿಯಿತು. ಆ ಬೆನ್ನಿನ ಆಚೆಯಿಂದ ಮೂರನೆಯ ಸಲ ಬಳೆಯ ಸದ್ದು ಬರಲೆಂದು ಅವಳು ಕಾದು ಕೂತಳು.